ತಲೆಗೆ 800 ರೂಪಾಯಿ, ಐದು ಬಾಟಲಿ, ಒಂದು ಶನಿವಾರ: ಹುಬ್ಬಳ್ಳಿ–ಧಾರವಾಡದಲ್ಲೇ ವೈನ್ ರುಚಿ ನೋಡುವ ಪ್ರವಾಸ

ವೈನ್ ರುಚಿ ನೋಡಬೇಕು ಎಂದ ಕೂಡಲೇ ಗೆಳೆಯರ ಗುಂಪಿನಲ್ಲಿ ಮೊದಲು ಏಳುವ ಮಾತು ನಾಸಿಕ್‌ನದು, ಇಲ್ಲವೇ ನಂದಿ ಬೆಟ್ಟದ್ದು. ಹುಬ್ಬಳ್ಳಿಯಿಂದ ನಂದಿಯ ತಪ್ಪಲಿಗೆ ಸುಮಾರು 400 ಕಿಲೋಮೀಟರ್, ನಾಸಿಕ್ ಅದಕ್ಕಿಂತಲೂ ದೂರ. ಅಲ್ಲಿಗೆ ಹೋದರೆ ಖರ್ಚಿನ ಮುಕ್ಕಾಲು ಪಾಲು ಡೀಸೆಲ್‌ಗೂ ರೂಮಿಗೂ ಹೋಗುತ್ತದೆ. ನಾಲಿಗೆಗೆ ಸಿಗುವುದು ಒಂದೇ ಕಂಪನಿಯ ನಾಲ್ಕೈದು ಗುಟುಕು. ಅದೇ ಹಣವನ್ನು ಬಾಟಲಿಗೆ ಹಾಕಿ ಧಾರವಾಡದ ಒಂದು ಮನೆಯ ಪಡಸಾಲೆಯಲ್ಲಿ ಕುಳಿತರೆ ನಾಸಿಕ್, ನಂದಿ, ಸೊಲ್ಲಾಪುರ ಸೀಮೆಯ ವೈನ್‌ಗಳನ್ನು ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಡಬಹುದು. ರುಚಿ ತಿಳಿಯುವುದು ಹೋಲಿಸಿದಾಗ. ಒಂದೇ ಗ್ಲಾಸು ಹಿಡಿದುಕೊಂಡು ಕುಳಿತವರಿಗೆ "ಚಲೋ ಐತಿ" ಎನ್ನುವುದಕ್ಕಿಂತ ಹೆಚ್ಚೇನೂ ಹೇಳಲು ಬರುವುದಿಲ್ಲ.

ದ್ರಾಕ್ಷಿ ತೋಟವನ್ನೇ ನೋಡಬೇಕೆನ್ನುವವರಿಗೆ ಬೇರೆ ದಾರಿ ಇದೆ. 2007ರ ರಾಜ್ಯ ವೈನ್ ನೀತಿ ಗುರುತಿಸಿದ ಕೃಷ್ಣಾ ಕಣಿವೆ ನಮ್ಮ ಬಡಗಣ ನೆರೆಯೇ. ಗದಗ, ಬಾದಾಮಿ, ಬಾಗಲಕೋಟೆ ದಾಟಿ ರೈಲು ವಿಜಯಪುರಕ್ಕೆ ಹೋಗುತ್ತದೆ. ಆದರೆ ಆ ಕಡೆಯ ಬಹುಪಾಲು ದ್ರಾಕ್ಷಿ ವೈನ್‌ಗಲ್ಲ, ಒಣದ್ರಾಕ್ಷಿಗೆ. ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಹಣ್ಣು ತೆಗೆಯುವುದು ಒಂದೇ ಸಲ. ಆದ್ದರಿಂದ ಫೆಬ್ರವರಿ–ಮಾರ್ಚ್ ಬಿಟ್ಟು ಬೇರೆ ತಿಂಗಳಲ್ಲಿ ಹೋದರೆ ಕಾಣುವುದು ಎಲೆಯೋ ಬರೀ ಕಡ್ಡಿಯೋ. ಅದು ಇನ್ನೊಂದು ಪ್ರವಾಸ.

ಗುರುವಾರ, ಹುಬ್ಬಳ್ಳಿ: ಬಾಟಲಿ ಕೊಳ್ಳುವ ದಿನ

ಮೊದಲು ಲೆಕ್ಕ. ರುಚಿ ನೋಡುವವರು ಎಂಟು ಜನ, ಸುರಿಯುವವರು ಒಬ್ಬರು. ಈ ಒಂಬತ್ತನೆಯವರು ಕುಡಿಯದವರಾದರೆ ಬಹಳ ಅನುಕೂಲ. ಬಾಟಲಿ ಮುಚ್ಚಿಟ್ಟು ಗುರುತು ಕಾಯುವ ಕೆಲಸವೂ ಅವರದೇ, ಸಂಜೆ ಗಾಡಿ ಓಡಿಸುವ ಕೆಲಸವೂ ಅವರದೇ. ಎಂಟಕ್ಕಿಂತ ಕಡಿಮೆ ಜನರಾದರೆ ತೆರೆದ ಬಾಟಲಿ ಉಳಿದುಹೋಗುತ್ತದೆ. ಎಂಟು ದಾಟಿದರೆ ಊಟದ ಹೊತ್ತಿಗೆ ಕೆಂಪು ಸಾಲುವುದಿಲ್ಲ. 21 ತುಂಬದವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ತಲೆಗೆ 800ರಂತೆ ಎಂಟು ಜನರಿಂದ 6,400 ರೂಪಾಯಿ. ಅದರಲ್ಲಿ ವೈನ್‌ಗೆ 4,800, ಊಟಕ್ಕೆ 1,000, ಐಸು ಮತ್ತು ಚಿಲ್ಲರೆ ಖರ್ಚಿಗೆ 600. ಪೂರ್ತಿ ಅಳತೆಯ, ಅಂದರೆ 750 ಮಿಲಿಲೀಟರಿನ ನಾಲ್ಕು ಬಾಟಲಿಗೆ ತಲಾ 1,000ದ ಮಿತಿ. ಐದನೆಯದು 375 ಮಿಲಿಯ ಸಿಹಿ ವೈನ್, ಅದಕ್ಕೆ 800. ಸಾವಿರ ದಾಟಿದ ಬಾಟಲಿ ಈ ಆಟಕ್ಕೆ ಬೇಡ. ಒಂದು ದುಬಾರಿ ಬಾಟಲಿ ತಂದರೆ ಎಲ್ಲರ ಕಣ್ಣೂ ಅದರ ಮೇಲೆಯೇ ಇರುತ್ತದೆ, ಉಳಿದವು ಏನೆಂದು ತಿಳಿಯುವುದೇ ಇಲ್ಲ.

ಕೊಳ್ಳಬೇಕಾದದ್ದು ಜೋಡಿ ಜೋಡಿಯಾಗಿ. ಬಿಳಿ ಜೋಡಿಗೆ ಒಂದು ಶೆನಿನ್ ಬ್ಲಾಂಕ್, ಒಂದು ಸೋವಿನ್ಯಾನ್ ಬ್ಲಾಂಕ್, ಎರಡೂ ದ್ರಾಕ್ಷಿ ತಳಿಯ ಹೆಸರು. ಸುಲಾ ಕಂಪನಿಯ ಶೆನಿನ್‌ನಲ್ಲಿ ತುಸು ಸಿಹಿ ಉಳಿದಿರುತ್ತದೆ, ಸೋವಿನ್ಯಾನ್ ಒಣ (ಅಂದರೆ ಸಿಹಿಯಿಲ್ಲದ್ದು) ಮತ್ತು ಹುಳಿ. ಮೊದಲ ಸಲ ಕುಡಿಯುವವರಿಗೂ ಈ ವ್ಯತ್ಯಾಸ ಸಿಗುತ್ತದೆ. ಕೆಂಪು ಜೋಡಿಗೆ ಒಂದೇ ದ್ರಾಕ್ಷಿ, ಬೇರೆ ಬೇರೆ ಸೀಮೆ: ನಾಸಿಕ್‌ನ ಸುಲಾ, ನಂದಿಯ ಗ್ರೋವರ್, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲಿ, ಇವುಗಳಲ್ಲಿ ಅಂಗಡಿಯಲ್ಲಿ ಸಿಕ್ಕ ಎರಡರ ಶಿರಾಜ್. ಬರೀ ಶಿರಾಜ್ ಸಿಗದಿದ್ದರೆ ಎರಡರಲ್ಲೂ ಕ್ಯಾಬರ್ನೆ–ಶಿರಾಜ್ ಮಿಶ್ರಣವನ್ನೇ ತೆಗೆದುಕೊಳ್ಳಿ. ಒಂದು ಶುದ್ಧ, ಒಂದು ಮಿಶ್ರಣ ಮಾಡಿಕೊಂಡರೆ ಹೋಲಿಕೆ ಕೆಡುತ್ತದೆ. ಸಿಹಿಗೆ ಲೇಟ್ ಹಾರ್ವೆಸ್ಟ್ ಶೆನಿನ್. ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟ ಹಣ್ಣಿನದಾದ್ದರಿಂದ ಅದರ ಸಿಹಿ ದ್ರಾಕ್ಷಿಯದೇ. ಅಂಗಡಿಯಲ್ಲಿ 'ಪೋರ್ಟ್' ಎಂಬ ಹೆಸರಿನ ಸಿಹಿ ವೈನ್ ಬಾಟಲಿಗಳೂ ಇರುತ್ತವೆ. ಇಲ್ಲಿಯವರೆಗೆ ಅನೇಕರು ವೈನ್ ಎಂದು ಕುಡಿದಿರುವುದು ಅದನ್ನೇ. ಅದರ ಮೇಲೆ ಸಿಟ್ಟೇನಿಲ್ಲ, ಆದರೆ ಒಣ ಕೆಂಪಿನ ಪಕ್ಕದಲ್ಲಿ ಅದನ್ನು ಇಟ್ಟರೆ ಉಳಿದ ಎಲ್ಲವೂ ಹುಳಿ ಹಿಡಿದಂತೆ ಕಾಣುತ್ತವೆ.

ಎಂಎಸ್‌ಐಎಲ್ ಮಳಿಗೆಯಲ್ಲಿ ಬಾಟಲಿಯ ಮೇಲೆ ಅಚ್ಚಾದ ದರವೇ ದರ. ಬಗೆ ಕಡಿಮೆ ಇರಬಹುದು. ದೊಡ್ಡ ಅಂಗಡಿಗಳಲ್ಲಿ ಬಗೆ ಹೆಚ್ಚು, ಅಲ್ಲಿ ಬಿಲ್ ಕೇಳಿ ತೆಗೆದುಕೊಳ್ಳಿ. ನಮ್ಮ ಊರುಗಳಲ್ಲಿ ವಿಸ್ಕಿ, ಬಿಯರ್ ದಿನವೂ ಖಾಲಿಯಾಗುತ್ತವೆ, ವೈನ್ ಮಾತ್ರ ತಿಂಗಳುಗಟ್ಟಲೆ ಕಪಾಟಿನಲ್ಲೇ ನಿಂತಿರುತ್ತದೆ. ಆದ್ದರಿಂದ ನೋಡಬೇಕಾದದ್ದು ಮೂರು. ಬಾಟಲಿ ಬಿಸಿಲು ಬೀಳುವ ಗಾಜಿನ ಮುಂದೆ ಇತ್ತೇ? ಬಿಳಿ ವೈನ್ ಎರಡು ವರ್ಷಕ್ಕಿಂತ ಹಳೆಯದೇ? ಕಾರ್ಕ್ ಮೇಲೆ ಉಬ್ಬಿದೆಯೇ, ಕುತ್ತಿಗೆಯ ಸುತ್ತ ಅಂಟು ಅಂಟಾಗಿದೆಯೇ? ಉಬ್ಬಿದ್ದರೆ ಒಳಗಿನ ವೈನ್ ಕಾದು ಹಿಗ್ಗಿದೆ ಎಂದೇ ಅರ್ಥ. ಕುದಿಸಿದ ಹಣ್ಣಿನ ವಾಸನೆ ಬರುತ್ತದೆ, ಯಾವ ಫ್ರಿಜ್ಜೂ ಅದನ್ನು ಸರಿ ಮಾಡುವುದಿಲ್ಲ. ಸಾಧ್ಯವಾದಷ್ಟೂ ತಿರುಪಿನ ಮುಚ್ಚಳದ ಬಾಟಲಿಗಳನ್ನೇ ಆರಿಸಿ. ಅಗ್ಗದ ವೈನ್‌ಗೆ ಅದೇನು ಅವಮಾನವಲ್ಲ. ಕಾರ್ಕ್ ಹಿಡಿಸುವ ಒದ್ದೆ ರಟ್ಟಿನ ವಾಸನೆಯ ಭಯವೂ ಇಲ್ಲ, ಕಾರ್ಕ್ ತೆಗೆಯುವ ತಿರುಪನ್ನು ಓಣಿಯೆಲ್ಲ ಹುಡುಕುವ ಕೆಲಸವೂ ಇಲ್ಲ.

ಗೋವಾ ಹತ್ತಿರ, ಅಲ್ಲಿ ಅಗ್ಗ, ಯಾರಿಗಾದರೂ ಹೇಳಿ ತರಿಸೋಣ ಎಂಬ ಮಾತು ಪ್ರತಿ ಗುಂಪಿನಲ್ಲೂ ಬರುತ್ತದೆ. ಪರವಾನಗಿ ಇಲ್ಲದೆ ಗೋವಾದ ಬಾಟಲಿಯನ್ನು ಕರ್ನಾಟಕದೊಳಗೆ ತರುವುದು ಅಬಕಾರಿ ಅಪರಾಧ. ಇನ್ನೊಂದು ವಿಷಯ, ದಿನ ಗೊತ್ತು ಮಾಡುವಾಗ ಅಕ್ಟೋಬರ್ 2, ಚುನಾವಣೆ, ಹೋಳಿ, ಗಣೇಶ ವಿಸರ್ಜನೆ ಇವುಗಳ ಆಸುಪಾಸನ್ನು ನೋಡಿಕೊಳ್ಳಿ. ಮದ್ಯ ಮಾರಾಟ ನಿಷೇಧದ ಆದೇಶ ಹಿಂದಿನ ದಿನ ಬಂದರೂ ಬಂದೀತು. ಗುರುವಾರವೇ ಕೊಂಡಿಟ್ಟುಕೊಳ್ಳುವುದು ಅದಕ್ಕೇ. ಏಪ್ರಿಲ್–ಮೇ ತಿಂಗಳನ್ನೂ ಬಿಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಧಾರವಾಡದ ಹವೆಯೇ ಅರ್ಧ ಕೆಲಸ ಮಾಡುತ್ತದೆ.

ಶುಕ್ರವಾರ: ರೊಟ್ಟಿ, ಗ್ಲಾಸು, ವಾಸನೆಯ ಬಟ್ಟಲು

ಗದಗಿನವರು, ಹಾವೇರಿಯವರು ಶುಕ್ರವಾರ ಸಂಜೆಯೇ ರೈಲಿನಲ್ಲಿ ಬಂದುಬಿಟ್ಟರೆ ಶನಿವಾರ ಬೆಳಗಿನ ಗಡಿಬಿಡಿ ತಪ್ಪುತ್ತದೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಇಳಿಯುವವರು ಯಾವ ಪ್ಲಾಟ್‌ಫಾರ್ಮ್ ಎಂದು ಕೇಳಿಕೊಂಡು ನಡೆಯಲಿ. ಎಂಟನೆಯದರ ಉದ್ದ 1,507 ಮೀಟರ್, ತಪ್ಪು ತುದಿಗೆ ಹೋದರೆ ಚೀಲ ಹೊತ್ತು ಒಂದೂವರೆ ಕಿಲೋಮೀಟರ್ ವಾಪಸು ಬರಬೇಕು. ಅಲ್ಲಿಂದ ಧಾರವಾಡ 20 ಕಿಲೋಮೀಟರ್, ಚಿಗರಿ ಬಸ್ಸಿದೆ. ಮರುದಿನ ಯಾರೂ ಸ್ವಂತ ಗಾಡಿ ಮುಟ್ಟಬಾರದಾದ್ದರಿಂದ ಬಸ್ಸಿನಲ್ಲೇ ಬರುವುದು ಒಳ್ಳೆಯದು.

ಊಟದ ಪಟ್ಟಿ ಒಂಬತ್ತು ಜನಕ್ಕೆ ಹೀಗೆ: ಖಡಕ್ ಜೋಳದ ರೊಟ್ಟಿ 30, ಒಂದು ಕಿಲೋ ಬದನೆಕಾಯಿಯ ಎಣಗಾಯಿ, ಅರ್ಧ ಕಿಲೋ ಕಡಲೆ ಹಿಟ್ಟಿನ ಜುಣಕದ ವಡಿ, ಒಂದು ಲೀಟರ್ ಗಟ್ಟಿ ಮೊಸರು, ಒಂದು ಕಿಲೋ ಸೌತೆಕಾಯಿ, ಹುರಿದ ಶೇಂಗಾ ಕಾಲು ಕಿಲೋ, ಉಪ್ಪು–ಒಗ್ಗರಣೆ ಏನೂ ಇಲ್ಲದ ಚುರಮರಿ ಅರ್ಧ ಕಿಲೋ, ಪೇಡೆ ಕಾಲು ಕಿಲೋ. ಮಿರ್ಚಿ ಬಜಿ ಬೇಕೇ ಬೇಕು ಎನ್ನುವವರಿದ್ದರೆ ತಲೆಗೊಂದು, ಅದೂ ಊಟದ ಹೊತ್ತಿಗೆ. ಖಡಕ್ ರೊಟ್ಟಿ ಮತ್ತು ಖಾಲಿ ಚುರಮರಿ ಇಲ್ಲಿ ಬಹಳ ದೊಡ್ಡ ಕೆಲಸ ಮಾಡುತ್ತವೆ. ಒಂದು ವೈನ್‌ನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಒರೆಸಿದಂತಾಗಲು ಉಪ್ಪಿಲ್ಲದ, ಎಣ್ಣೆಯಿಲ್ಲದ, ಸಪ್ಪೆಯಾದ ಏನಾದರೂ ಬೇಕು. ಅದಕ್ಕೆಂದು ಪೇಟೆಯ ದುಬಾರಿ ಬಿಸ್ಕತ್ತು ತರುವುದು ಜೋಳದ ಸೀಮೆಯಲ್ಲಿ ಕುಳಿತು ಮಾಡುವ ದುಂದು.

ಗ್ಲಾಸಿಗೆ ಹಣ ಹಾಕಬೇಡಿ. ಪ್ರತಿಯೊಬ್ಬರೂ ತಮ್ಮ ಮನೆಯ ಆರರ ಸೆಟ್‌ನಿಂದ ಒಂದೇ ಆಕಾರದ ಮೂರು ಗಾಜಿನ ಗ್ಲಾಸು ತರಲಿ. ನಿಮ್ಮ ಮೂರೂ ಒಂದೇ ತರಹ ಇದ್ದರೆ ಸಾಕು, ಪಕ್ಕದವರದು ಬೇರೆಯಾದರೆ ಚಿಂತೆಯಿಲ್ಲ. ಕನಿಷ್ಠ 200 ಮಿಲಿ ಹಿಡಿಯಬೇಕು, ಬಾಯಿ ಹೊಟ್ಟೆಗಿಂತ ಕಿರಿದಾಗಿದ್ದರೆ ಇನ್ನೂ ಒಳ್ಳೆಯದು, ವಾಸನೆ ಒಳಗೇ ನಿಲ್ಲುತ್ತದೆ. ಸ್ಟೀಲಿನಲ್ಲಿ ಬಣ್ಣ ಕಾಣುವುದಿಲ್ಲ, ಪೇಪರ್ ಕಪ್ಪಿಗೆ ತನ್ನದೇ ವಾಸನೆ. ತೊಳೆದ ಗ್ಲಾಸಿನಲ್ಲಿ ಸೋಪಿನ ವಾಸನೆ ಉಳಿದಿದ್ದರೆ ವೈನ್ ಸತ್ತಂತೆ. ಬಿಸಿನೀರಲ್ಲಿ ಎರಡು ಸಲ ಜಾಲಿಸಿ, ಬೋರಲು ಹಾಕದೆ ನೆಟ್ಟಗೆ ಇಟ್ಟು ಒಣಗಿಸಿ. ಬೋರಲು ಹಾಕಿದರೆ ಕೆಳಗಿನ ಬಟ್ಟೆಯ ವಾಸನೆ ಒಳಗೆ ಸೇರುತ್ತದೆ. ನಲ್ಲಿಗೆ ಬರುವ ಮಲಪ್ರಭೆಯ ನೀರಿನಲ್ಲಿ ಕೆಲವು ದಿನ ಕ್ಲೋರಿನ್ ಘಮ್ಮೆನ್ನುತ್ತದೆ, ಆದ್ದರಿಂದ ಕೊನೆಯ ಜಾಲಿಗೂ ಕುಡಿಯಲಿಕ್ಕೂ ಫಿಲ್ಟರ್ ನೀರು.

ಅಳತೆಗೆ ಒಂದು ಉಪಾಯ: ಔಷಧಿಯ ಅಳತೆ ಮುಚ್ಚಳದಿಂದ ಗ್ಲಾಸಿಗೆ 30 ಮಿಲಿ ನೀರು ಹಾಕಿ ಹೊರಗೆ ಟೇಪಿನ ಗೆರೆ ಹಚ್ಚಿ, 40 ಮಿಲಿಗೆ ಇನ್ನೊಂದು. ಕಣ್ಣಳತೆಯಲ್ಲಿ ಸುರಿದರೆ ಮೊದಲ ನಾಲ್ವರಿಗೆ 60 ಹೋಗುತ್ತದೆ, ಕೊನೆಯ ಇಬ್ಬರಿಗೆ ತಳದ ಹನಿ.

ಶುಕ್ರವಾರ ರಾತ್ರಿಯ ನಿಜವಾದ ತಯಾರಿ ವಾಸನೆಯ ಬಟ್ಟಲುಗಳದು. ವಿದೇಶದಿಂದ ತರಿಸುವ ವಾಸನೆ ಪೆಟ್ಟಿಗೆಗಳಿಗೆ ಸಾವಿರಾರು ರೂಪಾಯಿ. ನಮ್ಮ ಅಡುಗೆಮನೆಯಲ್ಲಿ ಅವೆಲ್ಲ ಪುಕ್ಕಟೆ ಇವೆ. ಏಳು ಸಣ್ಣ ಬಟ್ಟಲು ತೆಗೆದುಕೊಳ್ಳಿ: ನಿಂಬೆ ಸಿಪ್ಪೆ, ಪೇರಲಹಣ್ಣಿನ ತುಂಡು, ಸೀಳಿದ ದೊಣಮೆಣಸಿನಕಾಯಿ, ಜಜ್ಜಿದ ಕಾಳುಮೆಣಸು, ಲವಂಗ, ಜೇನು, ನೆನೆಸಿದ ಒಣದ್ರಾಕ್ಷಿ. ಮೇಲೆ ತಟ್ಟೆ ಮುಚ್ಚಿ. ಇವು ಅಲಂಕಾರಕ್ಕಲ್ಲ. ದೊಣಮೆಣಸಿನಕಾಯಿಯ ಹಸಿ ವಾಸನೆ ಕೊಡುವ ಪೈರಜೀನ್ ಗುಂಪಿನ ವಸ್ತುಗಳೇ ಸೋವಿನ್ಯಾನ್, ಕ್ಯಾಬರ್ನೆ ದ್ರಾಕ್ಷಿಯಲ್ಲೂ ಇರುತ್ತವೆ. ಲವಂಗದ ಯೂಜಿನಾಲ್ ಓಕ್ ಪೀಪಾಯಿಯ ಕಟ್ಟಿಗೆಯಿಂದಲೂ ವೈನ್‌ಗೆ ಇಳಿಯುತ್ತದೆ. ಶಿರಾಜ್‌ನ ಕಾಳುಮೆಣಸಿನ ಘಾಟು ರೊಟುಂಡೋನ್ ಎಂಬ ವಸ್ತುವಿನದು ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಕಾಳುಮೆಣಸಿನಲ್ಲಿರುವುದೂ ಅದೇ ವಸ್ತು. ತಮಾಷೆಯೆಂದರೆ ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಟ್ಟುವುದೇ ಇಲ್ಲ. ಎಂಟು ಜನರಲ್ಲಿ ಒಬ್ಬರೋ ಇಬ್ಬರೋ "ಎಲ್ಲೈತ್ರೀ ಮೆಣಸು?" ಎಂದು ಜಗಳಕ್ಕೆ ನಿಂತರೆ ಅವರು ಸುಳ್ಳು ಹೇಳುತ್ತಿಲ್ಲ.

ಶನಿವಾರ, ಧಾರವಾಡ: ಮೂರು ಸುತ್ತು ಮತ್ತು ಊಟ

ಬೆಳಿಗ್ಗೆ ಎಂಟಕ್ಕೆ ಇಡ್ಲಿಯೋ ಉಪ್ಪಿಟ್ಟೋ ತಿಂದಿರಬೇಕು. ಖಾಲಿ ಹೊಟ್ಟೆಗೆ ವೈನ್ ಬೇಗ ಏರುತ್ತದೆ. ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ ಬೇಡ, ಕೊನೆಯ ಚಾ ಹತ್ತು ಗಂಟೆಯೊಳಗೆ. ಸೆಂಟು, ತಲೆಗೆ ಘಮದ ಎಣ್ಣೆ, ಮಲ್ಲಿಗೆ ದಂಡೆ, ಊದಿನಕಡ್ಡಿ ಯಾವುದೂ ಆ ಕೋಣೆಗೆ ಬರಬಾರದು. ಎಲ್ಲಕ್ಕಿಂತ ದೊಡ್ಡ ಶತ್ರು ಒಗ್ಗರಣೆ. ಅಡುಗೆಮನೆಯಲ್ಲಿ ಎಣಗಾಯಿ ಕುದಿಯುತ್ತಿದ್ದರೆ ಪಡಸಾಲೆಯಲ್ಲಿ ಸೋವಿನ್ಯಾನ್‌ನ ವಾಸನೆ ದೇವರಿಗೂ ಸಿಗದು. ಅಡುಗೆ ಹತ್ತರೊಳಗೆ ಮುಗಿದು ಕಿಟಕಿ ತೆರೆದಿರಬೇಕು, ಇಲ್ಲವೇ ಊಟ ಖಾನಾವಳಿಯಿಂದ ಬರಬೇಕು.

ಬಿಳಿ ಎರಡೂ, ಸಿಹಿಯೂ ರಾತ್ರಿಯೇ ಫ್ರಿಜ್ಜಿನಲ್ಲಿವೆ. ಕುಡಿಯುವಾಗ ಅವು 8–10 ಡಿಗ್ರಿ ಇರಬೇಕು, ಆದ್ದರಿಂದ ಸುರಿಯುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ತೀರ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ಕೆಂಪು ವೈನ್ ಮನೆಯ ಶಾಖದಲ್ಲೇ ಕುಡಿಯಬೇಕೆಂಬುದು ಚಳಿ ದೇಶದ ಮಾತು. ನಮ್ಮಲ್ಲಿ ಮಧ್ಯಾಹ್ನದ ಕೋಣೆ 28–30 ಡಿಗ್ರಿ, ಅಷ್ಟು ಶಾಖದಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ವಾಸನೆ ಮುಚ್ಚಿಹೋಗುತ್ತದೆ. ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಟ್ಟರೆ 18ರ ಹತ್ತಿರ ಬರುತ್ತದೆ. ಕರೆಂಟು ಹೋದರೆ ಸ್ಟೀಲ್ ಬಕೆಟ್ಟು, ಐದು ಕಿಲೋ ಐಸು, ಅದು ಮುಳುಗುವಷ್ಟು ನೀರು, ಎರಡು ಮುಷ್ಟಿ ಹರಳುಪ್ಪು. ಇದರಲ್ಲಿ ಬಿಳಿ ಬಾಟಲಿ 20–25 ನಿಮಿಷಕ್ಕೆ ತಣ್ಣಗಾಗುತ್ತದೆ. ಬರೀ ಐಸಿನ ತುಂಡುಗಳ ನಡುವೆ ನಿಲ್ಲಿಸಿದರೆ ಅಲ್ಲಲ್ಲಿ ಗಾಳಿ ಉಳಿದು ದುಪ್ಪಟ್ಟು ಹೊತ್ತು ಬೇಕಾಗುತ್ತದೆ.

ಒಂಬತ್ತನೆಯವರು ಒಳಕೋಣೆಯಲ್ಲಿ ಬಾಟಲಿಗಳಿಗೆ ನಿನ್ನೆಯ ಪತ್ರಿಕೆ ಸುತ್ತಿ 1, 2, 3, 4 ಎಂದು ಬರೆಯುತ್ತಾರೆ. ಲೇಬಲ್ ಮುಚ್ಚುವುದು ಹುಡುಗಾಟವಲ್ಲ. ಬೋರ್ಡೋದಲ್ಲಿ ವೈನ್ ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರು ಕೆಂಪು ವೈನ್‌ನ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು. ಕಲಿತ ಮೂಗುಗಳೇ ಹೀಗೆ ಕಣ್ಣಿನ ಮಾತು ಕೇಳುವಾಗ ಬೆಲೆ ಚೀಟಿ ನೋಡಿದ ನಮ್ಮ ನಾಲಿಗೆ ಎಷ್ಟು ದಿನ ನೆಟ್ಟಗಿದ್ದೀತು?

ಹನ್ನೊಂದಕ್ಕೆ ಬಿಳಿ ಜೋಡಿ, ಎರಡು ಗ್ಲಾಸಿಗೆ 30 ಮಿಲಿಯಂತೆ ಒಟ್ಟಿಗೆ. ಬಿಳಿ ಹಾಳೆಯ ಮೇಲೆ ಓರೆ ಹಿಡಿದು ಬಣ್ಣ ನೋಡಿ. ಅಲ್ಲಾಡಿಸುವ ಮೊದಲು ಒಮ್ಮೆ ಮೂಸಿ, ಮೇಜಿನ ಮೇಲೆಯೇ ಇಟ್ಟು ತಿರುಗಿಸಿ ಇನ್ನೊಮ್ಮೆ ಮೂಸಿ. ವಾಸನೆಯ ಬಟ್ಟಲಿಗೆ ಹೋಗಿ ಬನ್ನಿ. ಸಣ್ಣ ಗುಟುಕು, ಐದಾರು ಸೆಕೆಂಡು ಬಾಯಲ್ಲಿ ಹೊರಳಿಸಿ, ತುಟಿಯ ಸಂದಿನಿಂದ ತುಸು ಗಾಳಿ ಎಳೆದು ಉಗುಳಿ. ಉಗುಳುವುದಕ್ಕೆ ನಾಚಿಕೆ ಬೇಡ. ಎಲೆಅಡಿಕೆಯ ಮನೆಗಳಲ್ಲಿ ಪೀಕದಾನಿ ಇದ್ದೇ ಇರುತ್ತಿತ್ತು, ಅದನ್ನೇ ತೊಳೆದು ಇಡಿ. ಇಲ್ಲವಾದರೆ ಇಬ್ಬರಿಗೊಂದು ಸ್ಟೀಲ್ ಚೊಂಬು.

ಮಾತಾಡುವ ಮೊದಲು ಪ್ರತಿಯೊಬ್ಬರೂ ಚೀಟಿಯಲ್ಲಿ ನಾಲ್ಕು ಸಂಗತಿ ಬರೆಯಬೇಕು: ಹುಳಿ ಎಷ್ಟು, ಸಿಹಿ ಎಷ್ಟು, ಒಗರು ಎಷ್ಟು, ಯಾವ ಬಟ್ಟಲಿನ ವಾಸನೆ. ಬರೆಯದೆ ಬಾಯಿಬಿಟ್ಟರೆ ಮೊದಲು "ಪೇರಲ" ಅಂದವರ ಹಿಂದೆ ಏಳೂ ಜನ ಪೇರಲವೇ ಅನ್ನುತ್ತಾರೆ. ಹುಳಿಯನ್ನು ಬಾಯಲ್ಲಿ ಎಷ್ಟು ನೀರೂರಿತು ಎಂಬುದರಿಂದ ಅಳೆಯಿರಿ. ಒಗರು ಅಂದರೆ ವಸಡು, ನಾಲಿಗೆ ಹಿಡಿದುಕೊಳ್ಳುವುದು, ಅದು ಸಿಪ್ಪೆ–ಬೀಜದ ಜೊತೆ ಹುದುಗಿದ ಕೆಂಪಿನಲ್ಲೇ ಹೆಚ್ಚು. ಹುಳಿಯೂ ಸಿಹಿಯೂ ಒಟ್ಟಿಗಿದ್ದಾಗ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಶೆನಿನ್‌ನಲ್ಲಿ ಎಲ್ಲರೂ ತಪ್ಪುವುದು ಅಲ್ಲೇ.

ಹನ್ನೆರಡಕ್ಕೆ ಕೆಂಪು ಜೋಡಿ, ಅದೇ ಕ್ರಮ, ಮತ್ತೆ 30 ಮಿಲಿ. ಬಿಳಿಯಾದ ಮೇಲೆ ಕೆಂಪು, ಒಣದಾದ ಮೇಲೆ ಸಿಹಿ. ಈ ಸಾಲು ತಪ್ಪಿದರೆ ಕೆಂಪಿನ ಒಗರು ಬಾಯಲ್ಲಿ ಕುಳಿತು ಬಿಳಿ ವೈನ್ ನೀರಿನಂತಾಗುತ್ತದೆ. ಎರಡು ಗುಟುಕಿನ ನಡುವೆ ಚುರಮರಿ, ನೀರು.

ಮುಕ್ಕಾಲು ಗಂಟೆಯ ನಂತರ ದಿನದ ಮುಖ್ಯ ಪರೀಕ್ಷೆ. ಮೂರು ಗ್ಲಾಸು ತೊಳೆದು ಒಳಗೆ ಕೊಡಿ. ನಾಲ್ವರಿಗೆ ಎರಡರಲ್ಲಿ ಮೂರನೇ ನಂಬರಿನ ವೈನ್, ಒಂದರಲ್ಲಿ ನಾಲ್ಕನೆಯದು. ಉಳಿದ ನಾಲ್ವರಿಗೆ ತಿರುವುಮುರುವು. ತಲಾ ಗ್ಲಾಸಿಗೆ 15 ಮಿಲಿ, ಪ್ರತಿ ಬಾಟಲಿಯಿಂದ 180 ಮಿಲಿ ಹೋಗುತ್ತದೆ. ಯಾವುದು ಬೇರೆ ಎಂದು ಹೇಳಬೇಕು, ಅಷ್ಟೇ. ಕಣ್ಣು ಮುಚ್ಚಿ ಊಹಿಸಿದರೂ ಎಂಟರಲ್ಲಿ ಇಬ್ಬರು ಮೂವರದು ಸರಿಯಾಗುತ್ತದೆ, ಆದ್ದರಿಂದ ನಾಲ್ಕು ಸರಿಯಾದರೆ ಹಿಗ್ಗಬೇಡಿ. ಬರೀ ಊಹೆಯಿಂದ ಆರು ಅಥವಾ ಹೆಚ್ಚು ಜನ ಸರಿ ಹೇಳುವ ಸಾಧ್ಯತೆ ನೂರಕ್ಕೆ ಎರಡರಷ್ಟು ಮಾತ್ರ, ಹಾಗಾದರೆ ಎರಡು ವೈನ್‌ಗಳ ನಡುವೆ ನಿಜಕ್ಕೂ ವ್ಯತ್ಯಾಸ ಇದೆ ಎನ್ನಬಹುದು. ಮೂರೇ ಜನ ಸರಿಯಾದರೆ ಮುಂದಿನ ಸಲ ಅಗ್ಗದ್ದನ್ನೇ ಕೊಳ್ಳಿ.

ಒಂದೂವರೆಗೆ ಪತ್ರಿಕೆ ಬಿಚ್ಚಿ, ಊಟದ ಜೊತೆ ನಾಲ್ಕೂ ವೈನ್ ತಲಾ 40 ಮಿಲಿ. ಇದು ಉಗುಳುವ ಸುತ್ತಲ್ಲ. ಮೊದಲ ಎರಡು ಸುತ್ತು ಮತ್ತು ಪರೀಕ್ಷೆಯದನ್ನು ಉಗುಳಿದವರ ಹೊಟ್ಟೆಗೆ ದಿನಪೂರ್ತಿ ಸೇರುವುದು ಸಿಹಿಯೂ ಸೇರಿ 200 ಮಿಲಿ. ಉಗುಳದವರಿಗೆ 365. ಸಂಜೆ ಯಾರ ಧ್ವನಿ ಏರುತ್ತದೆ ಎಂಬುದರಿಂದಲೇ ಗೊತ್ತಾಗುತ್ತದೆ.

ಎಣಗಾಯಿಯಲ್ಲಿ ಶೇಂಗಾ, ಎಳ್ಳು, ಬೆಲ್ಲದ ಜೊತೆ ಹುಣಸೆಹುಳಿಯೂ ಇದೆ. ಊಟ ವೈನ್‌ಗಿಂತ ಹುಳಿಯಾಗಿದ್ದರೆ ವೈನ್ ಚಪ್ಪೆಯಾಗುತ್ತದೆ, ಅದಕ್ಕೇ ಇಲ್ಲಿ ಗೆಲ್ಲುವುದು ಸೋವಿನ್ಯಾನ್. ಜುಣಕದ ವಡಿಗೆ, ಉಪ್ಪು ಹಚ್ಚಿದ ಶೇಂಗಾಕ್ಕೆ ಶಿರಾಜ್. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಮೊಸರಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುವುದರಿಂದ ಒಂದು ಚಮಚ ತಿಂದು ಕೆಂಪು ಗುಟುಕರಿಸಿದರೆ ವಸಡು ಹಿಡಿಯುವುದಿಲ್ಲ. ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಹಕ್ಕರಿಕಿ ಕಚ್ಚುವ ರೂಢಿಯವರು ಕೆಂಪಿನ ಹೊತ್ತಿಗೆ ಅದನ್ನು ಬದಿಗಿಡಲಿ, ಕಹಿಗೆ ಕಹಿ ಕೂಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿದ ಪಲ್ಯಕ್ಕೆ ಹೆದರಬೇಕಿಲ್ಲ, ಅದರ ಕೆಲಸ ಬಣ್ಣ, ಖಾರ ಕಡಿಮೆ. ಮಿರ್ಚಿ ಬಜಿ ಮಾತ್ರ ಕೆಂಪಿನ ಜೊತೆ ಬೆಂಕಿ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಉರಿಯುವ ಬಾಯಿಗೆ ಒಗರು ಇನ್ನಷ್ಟು ಒರಟು. ಬಜಿ ಬಿಡಲಾಗದವರಿಗೆ ತಣ್ಣಗಿನ, ಅರೆಸಿಹಿ ಶೆನಿನ್ ಒಂದೇ ಗತಿ.

ಮೂರು ಗಂಟೆಗೆ ಪೇಡೆ ಮತ್ತು ಸಿಹಿ ವೈನ್, ತಲಾ 40 ಮಿಲಿ. ಧಾರವಾಡ ಪೇಡೆಯ ಜೊತೆ ಒಣ ವೈನ್ ಕುಡಿದು ನೋಡಿ, ನಿಂಬೆರಸದಂತಾಗುತ್ತದೆ. ವೈನ್ ಸಿಹಿತಿಂಡಿಯಷ್ಟಾದರೂ ಸಿಹಿ ಇರಬೇಕು. ಹಾಲನ್ನು ಕಂದುಬಣ್ಣ ಬರುವ ತನಕ ಹುರಿದ ಪೇಡೆಯ ಸುವಾಸನೆಗೆ ಲೇಟ್ ಹಾರ್ವೆಸ್ಟ್‌ನ ಜೇನಿನ ವಾಸನೆ ಚೆನ್ನಾಗಿ ಕೂಡುತ್ತದೆ.

ಕುಡಿದವರು ಯಾರೂ ರಾತ್ರಿವರೆಗೆ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್, ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಉಳಿದ ಬಾಟಲಿ ಹಿಡಿದು ಕೆಲಗೇರಿ ಕೆರೆ ದಂಡೆಗೆ ಹೋಗೋಣ ಎಂಬ ಸಲಹೆ ಯಾರಿಂದಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ.

ಭಾನುವಾರ: ಉಳಿದದ್ದು ಮತ್ತು ಲೆಕ್ಕ

ಲೆಕ್ಕ ಸರಿಯಿದ್ದರೆ ಕೆಂಪಿನಲ್ಲಿ ಉಳಿಯುವುದು ತಳದ ಹನಿ ಮಾತ್ರ. ಬಿಳಿ ತಲಾ 190 ಮಿಲಿಯಷ್ಟು ಉಳಿಯುತ್ತದೆ. ದೊಡ್ಡ ಬಾಟಲಿಯಲ್ಲಿ ಕಾಲು ಭಾಗ ವೈನ್, ಮುಕ್ಕಾಲು ಗಾಳಿ ಇದ್ದರೆ ಮರುದಿನಕ್ಕೇ ಕೊಯ್ದಿಟ್ಟ ಸೇಬಿನ ವಾಸನೆ ಬರುತ್ತದೆ. ಸಿಹಿ ವೈನ್‌ನ 375ರ ಬಾಟಲಿಯಲ್ಲಿ ಉಳಿದ ತುಸುವನ್ನು ಮುಗಿಸಿ, ಬಾಟಲಿ ತೊಳೆದು ಎರಡೂ ಬಿಳಿಯನ್ನು ಅದಕ್ಕೇ ಸುರಿದರೆ ಕತ್ತಿನವರೆಗೆ ತುಂಬುತ್ತದೆ. ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಬುಧವಾರದವರೆಗೆ ಕುಡಿಯಬಹುದು. ಮಿಶ್ರಣವಾಯಿತೆಂದು ಮೂಗು ಮುರಿಯುವವರಿಗೆ ಕೊಡಬೇಡಿ.

ಗದಗ, ಹಾವೇರಿಯವರು ರೈಲು ಹತ್ತುವ ಮೊದಲೇ ಲೆಕ್ಕ ಮುಗಿಸಿ, ಫೋನಿಗೆ ಬಿಟ್ಟರೆ ತಿಂಗಳಾದರೂ ಮುಗಿಯದು. ಒಂಬತ್ತನೆಯವರಿಂದ ಹಣ ತೆಗೆದುಕೊಳ್ಳಬಾರದು, ಅವರ ಊಟ ಎಂಟು ಜನರ ಪಾಲಿಗೆ. ಮನೆ ಕೊಟ್ಟವರು ಐಸು, ಗ್ಯಾಸಿಗೆ ಕೈಯಿಂದ ಹಾಕಿದ್ದನ್ನು 600ರ ಚಿಲ್ಲರೆ ಖರ್ಚಿನಿಂದ ಮೊದಲು ತೆಗೆದುಕೊಳ್ಳಲಿ. ಚೀಟಿಗಳನ್ನು ಮಾತ್ರ ಎಸೆಯಬೇಡಿ, ಯಾರ ಮೂಗಿಗೆ ಕಾಳುಮೆಣಸು ಸಿಗಲಿಲ್ಲ, ಯಾರು ಮೂರರಲ್ಲಿ ಬೇರೆಯದನ್ನು ಹಿಡಿದರು ಎಂಬುದು ಮುಂದಿನ ಸಲ ಬಾಟಲಿ ಆರಿಸುವಾಗ ಬೇಕಾಗುತ್ತದೆ.